ತಂತ್ರಾಂಶವೂ ಮಾತಿನ ಹದವೂ

ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಅಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಇಂದು ತಂತ್ರಾಂಶ ರಚನೆಯೇ ಸಹಸ್ರಾರು ತರುಣರ ಜೀವನೋಪಾಯ. ಈ ವಿದ್ಯೆಗೆ ಗಣಿತ, ತರ್ಕಗಳಷ್ಟೇ ಸಾಕೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಉಂಟು. ಅದು ಅರ್ಧಸತ್ಯ. ಗಣಕಯಂತ್ರವು ಬರೆದುದನ್ನು ಬರೆದಂತೆಯೇ ನಡೆಸುತ್ತದೆ. ಬರೆಯಬೇಕಾದುದೇನೆಂಬುದನ್ನು ಮನುಷ್ಯರಿಂದಲೇ ಕೇಳಿ ತಿಳಿಯಬೇಕು.

ಪೀಣ್ಯದ ಕಾರ್ಖಾನೆಯೊಂದಕ್ಕೆ ದಾಸ್ತಾನಿನ ಲೆಕ್ಕವಿಡುವ ತಂತ್ರಾಂಶ ಬೇಕಾಗಿದೆಯೆಂದು ಊಹಿಸಬಹುದು. 'ದಾಸ್ತಾನು' ಎಂದರೆ ಉಗ್ರಾಣಿಗೆ ಗೋದಾಮಿನೊಳಗಣ ಸರಕು. ಲೆಕ್ಕಿಗನಿಗೆ ಪ್ಲೇಟಿಂಗಿಗೆಂದು ಹೊರಗೆ ಕಳುಹಿದ ಬಿಡಿಭಾಗಗಳೂ ಸೇರಿದ ಮೊತ್ತ. ಶಬ್ದವೊಂದೇ, ಅರ್ಥವೆರಡು. ಉಗ್ರಾಣಿಯೊಬ್ಬನನ್ನೇ ಕೇಳಿ ರಚಿಸಿದ ತಂತ್ರಾಂಶವು ತಡೆಯಿಲ್ಲದೆ ನಡೆದೂ ತಪ್ಪು ಲೆಕ್ಕವನ್ನೇ ತೋರಿಸುತ್ತದೆ. ಇರುವ ಸರಕನ್ನೇ ಮಾಲೀಕನು ಸಾಲ ಮಾಡಿ ಮತ್ತೆ ಕೊಳ್ಳುವಂತಾಗುತ್ತದೆ. "ಹೊರಗಿರುವುದೂ ಸೇರಬೇಕೆ?" ಎಂಬ ಒಂದು ಪ್ರಶ್ನೆ ಆ ನಷ್ಟವನ್ನು ತಪ್ಪಿಸೀತು.

ಮಹಾಸಂಸ್ಥೆಗಳಿಗೂ ಈ ಆಪತ್ತು ತಪ್ಪಿದ್ದಲ್ಲ. 1999ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನೌಕೆಯು ಮಂಗಳಗ್ರಹದ ಬಳಿ ನಾಶವಾಯಿತು. ಒಂದು ತಂಡದ ತಂತ್ರಾಂಶ ಪೌಂಡಿನ ಮಾನದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ತಂಡ ನ್ಯೂಟನ್ ಮಾನದವೆಂದು ಗ್ರಹಿಸಿತ್ತು. ಕೆಲವರಿಗೆ ಸಂಶಯ ಹುಟ್ಟಿದ್ದರೂ ಅದು ತಲುಪಬೇಕಾದವರಿಗೆ ತಕ್ಕಂತೆ ತಲುಪಲಿಲ್ಲ.

ಆದುದರಿಂದ ಇಲ್ಲಿ ಬೇಕಾದುದು ವಾಕ್ಚಾತುರ್ಯವಲ್ಲ, ನಿರರ್ಗಳವಾದ ಇಂಗ್ಲಿಷೂ ಅಲ್ಲ. ಸಾವಧಾನದಿಂದ ಕೇಳುವುದು, ಕೇಳಿದುದನ್ನು ತನ್ನ ಮಾತಿನಲ್ಲಿ ಮರುನುಡಿದು ಒಪ್ಪಿಗೆ ಪಡೆಯುವುದು, ಸಂಶಯವನ್ನು ಸಂಕೋಚವಿಲ್ಲದೆ ತಿಳಿಸುವುದು, ಇವು ಮೂರೇ ಅದರ ಸಾರ. ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ವಿದ್ಯಾರ್ಥಿಯು ಇದರ ಮೊದಲ ಪಾಠವನ್ನು ಆಗಲೇ ಕಲಿತಿದ್ದಾನೆ.