ಬೇಸರವಿಲ್ಲದ ಪ್ರಾರ್ಥನೆ, ಬಗ್ಗಿದ ಬೆನ್ನು

 

ಲೂಕನ ಸುವಾರ್ತೆ 18ನೇ ಅಧ್ಯಾಯ ತೆಗೀರಿ. 1ರಿಂದ 14ನೇ ವಚನದವರೆಗೆ ಎರಡು ಸಾಮ್ಯಗಳಿವೆ. ಒಂದು ವಿಧವೆಯದು, ಇನ್ನೊಂದು ಫರಿಸಾಯ ಮತ್ತು ಸುಂಕದವನದು. ನಾವು ಇವನ್ನ ಬೇರೆ ಬೇರೆ ಓದ್ತೀವಿ. ಲೂಕನು ಒಂದರ ಬೆನ್ನಿಗೇ ಇನ್ನೊಂದನ್ನು ಇಟ್ಟಿದ್ದಾನೆ. ಯಾಕೆ?

1. ಬಿಡದೆ ಬೇಡಿದವಳು

ಆ ವಿಧವೆಯ ಕೈಯಲ್ಲಿ ದುಡ್ಡಿಲ್ಲ, ಹಿಂದೆ ದೊಡ್ಡವರಿಲ್ಲ. ನ್ಯಾಯಾಧಿಪತಿಗೆ ದೇವರ ಭಯವೂ ಇಲ್ಲ. ಆದರೂ ಆಕೆ ಬರ್ತಾನೇ ಇದ್ದಳು. ಈಕೆ ನನ್ನನ್ನು ದಣಿಸಿಬಿಡ್ತಾಳೆ ಅಂತ ಅವನು ಅಂದುಕೊಳ್ಳುವ ಕಡೆ, ಗ್ರೀಕ್ ಮೂಲದಲ್ಲಿರುವ ಪದಕ್ಕೆ ಕಣ್ಣಿನ ಕೆಳಗೆ ಗುದ್ದುವುದು ಎಂಬ ಅರ್ಥವಿದೆ! ಅಂಥ ಕಲ್ಲು ಮನುಷ್ಯನೇ ಕೇಳಿದ ಮೇಲೆ, ನಮ್ಮ ಪರಲೋಕದ ತಂದೆ ಕೇಳದೆ ಇರ್ತಾನೇನ್ರಿ? ಹಲ್ಲೆಲೂಯಾ!

2. ಬಿಡದೆ ಮಾಡಿದರೂ ಸೋತವನು

ಈಗ ಫರಿಸಾಯನನ್ನ ನೋಡ್ರಿ. ಅವನೂ ಬಿಡದವನೇ. ಧರ್ಮಶಾಸ್ತ್ರ ಕಡ್ಡಾಯ ಮಾಡಿದ್ದು ವರ್ಷಕ್ಕೆ ಒಂದು ಉಪವಾಸ, ದೋಷಪರಿಹಾರಕ ದಿನದಲ್ಲಿ. ಇವನು ವಾರಕ್ಕೆ 2 ಸಾರಿ ಮಾಡ್ತಿದ್ದ. ಅಂದರೆ ವರ್ಷಕ್ಕೆ 100ಕ್ಕೂ ಹೆಚ್ಚು! ಆದರೆ ಲೆಕ್ಕ ಒಪ್ಪಿಸಲಿಕ್ಕೆ ನಿಂತ, ಬೇಡಲಿಕ್ಕೆ ನಿಲ್ಲಲಿಲ್ಲ. ದೂರ ನಿಂತು ಎದೆ ಬಡ್ಕೊಂಡ ಸುಂಕದವನೇ ನೀತಿವಂತನಾಗಿ ಮನೆಗೆ ಹೋದ. ಶುಕ್ರವಾರದ ಉಪವಾಸ ತಪ್ಪಿಸದ ನಮಗೂ ಈ ಮಾತು ಐತಿ.

ಅದಕ್ಕೇ ಎರಡು ಸಾಮ್ಯ ಜೊತೆಗಿವೆ. ತಗ್ಗದ ಛಲ ಜಂಬವಾಗ್ತದೆ. ಛಲವಿಲ್ಲದ ತಗ್ಗುವಿಕೆ ನಿರಾಶೆಯಾಗ್ತದೆ.

ನಮ್ಮ ಖಾನಾಪುರ ಭಾಗದ ಭತ್ತದ ಹೊಲ ನೆನಸ್ರಿ. ಒಂದು ಸಾರಿ ಕಳೆ ತೆಗೆದರೆ ಮುಗೀತದೇನು? ಮತ್ತೆ ಬರ್ತದೆ, ಮತ್ತೆ ತೆಗೀಬೇಕು. ನಿಂತುಕೊಂಡು ತೆಗೀಲಿಕ್ಕೆ ಆಗ್ತದೇನು? ಬಗ್ಗಲೇಬೇಕು. ವಿಶ್ವಾಸದ ಜೀವಿತವೂ ಹಾಗೇ.

ನನ್ನ ವಿಷಯವನ್ನೇ ಹೇಳ್ತೀನಿ. ಹೊಲದ ಬದುವಿನ ಸಲುವಾಗಿ ನನಗೂ ಅಣ್ಣನಿಗೂ ಮಾತು ನಿಂತಿತ್ತು. ಎರಡು ವರ್ಷ, ಕರ್ತನೇ, ನಮ್ಮಣ್ಣನ ಮನಸ್ಸು ಬದಲಾಯಿಸು ಅಂತ ಪ್ರಾರ್ಥಿಸಿದೆ. ಒಂದು ಬೆಳಗಿನ ಜಾವ ಪವಿತ್ರಾತ್ಮನು ನನ್ನನ್ನೇ ಕೇಳಿದ ಹಾಗಾಯ್ತು: ನಿನ್ನ ಮನಸ್ಸು? ಅವತ್ತೇ ಅವನ ಮನೆಗೆ ಹೋಗಿ, "ಅಣ್ಣಾ, ತಪ್ಪಾತು" ಅಂದೆ. ಅವನು ಮಾತಾಡಲಿಲ್ಲ. ಅತ್ತಿಗೆ ಚಹಾ ಕೊಟ್ಟಳು. ಬದುವಿನ ತಂಟೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಆದರೆ ಆ ಮನೆಗೆ ನಾನು ಹೋಗ್ತಾನೇ ಇದ್ದೀನಿ.

ನಿಮ್ಮ ಕೈಯಲ್ಲಿರುವ ಕನ್ನಡ ಬೈಬಲ್ ನೋಡ್ರಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಭಾಷೆ ಕಲಿತು, ಜೊತೆಗಾರರೊಂದಿಗೆ ಅನುವಾದಕ್ಕೆ ದುಡಿದರು. ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ. 21 ವರ್ಷ! ಇವತ್ತು ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು? ಹೆಸರು ಮರೆತುಹೋಯ್ತು, ವಾಕ್ಯ ಉಳೀತು.

ಈ ವಾರ ಮೂರು ಕೆಲಸ ಮಾಡೋಣ. ಬಿಟ್ಟುಬಿಟ್ಟ ಒಂದು ಪ್ರಾರ್ಥನೆಯನ್ನು ಮತ್ತೆ ಶುರು ಮಾಡೋಣ. ಯಾರಿಗೂ ಹೇಳದೆ ಒಬ್ಬರಿಗೆ ಸಹಾಯ ಮಾಡೋಣ. ಮಾತು ಬಿಟ್ಟ ಒಬ್ಬರ ಬಾಗಿಲಿಗೆ ನಾವೇ ಮೊದಲು ಹೋಗೋಣ. ಬಾಗಿಲು ತೆರೀದಿದ್ದರೆ ಮುಂದಿನ ವಾರ ಮತ್ತೆ ಹೋಗೋಣ.

ಎಲ್ಲರೂ ತಲೆಬಾಗಿ ಪ್ರಾರ್ಥಿಸೋಣ. ಕರ್ತನು ಈ ವಾಕ್ಯವನ್ನು ಆಶೀರ್ವದಿಸಲಿ. ಆಮೆನ್.