ನಿಂತಲ್ಲೇ ಬಂದ್ ಬೀಳುವ ಹಳೆಯ ಪೆಟ್ರೋಲ್ ಕಾರು

ನಮ್ಮ ಸದಸ್ಯ ಬಾಂಧವರಲ್ಲಿ ಹಲವರ ಅಂಗಳದಲ್ಲಿ ಇಂದಿಗೂ ಒಂದು ಪ್ರೀಮಿಯರ್ ಪದ್ಮಿನಿಯೋ, ಪೆಟ್ರೋಲ್ ಅಂಬಾಸಡರೋ, ಮೊದಲ ಕಾಲದ ಮಾರುತಿ 800 ಕಾರೋ ಇದೆ. ಜೀಪು ಗೊಬ್ಬರ ತರಲು ಹೋಗಿರುವಾಗ ಮನೆಯ ಹಿರಿಯರಿಗೆ ಎದೆನೋವು ಬಂದರೆ ನೆನಪಾಗುವುದು ಈ ಕಾರೇ. ಅದು ಘಾಟಿಯ ತಿರುವಿನಲ್ಲಿ ಬಂದ್ ಬಿದ್ದರೆ ಆಗುವ ಫಜೀತಿಯನ್ನು ವಿವರಿಸಬೇಕಾಗಿಲ್ಲ. ಇಂಥ ಕಾರನ್ನು ಗ್ಯಾರೇಜಿಗೆ ಒಯ್ದರೆ ಮೊದಲು ಕೈ ಹೋಗುವುದು ಕಾರ್ಬ್ಯುರೇಟರಿನ ಸ್ಕ್ರೂಗಳಿಗೆ. ನಮ್ಮ ಅಭಿಪ್ರಾಯದಲ್ಲಿ ಅದು ಕಟ್ಟಕಡೆಗೆ ಮಾಡತಕ್ಕ ಕೆಲಸ. ಎಂಜಿನ್ ಯಾವಾಗ, ಯಾವ ರೀತಿಯಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ರೋಗ ಅಲ್ಲಿಯೇ ಪತ್ತೆಯಾಗುತ್ತದೆ.

ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ನಿಂತರೆ ಬಹುಮಟ್ಟಿಗೆ ಕಿಡಿಯ ದೋಷ. ಕೆಮ್ಮುತ್ತ, ಜಗ್ಗುತ್ತ, ಸೋತು ನಿಂತರೆ ಪೆಟ್ರೋಲಿನ ದೋಷ. ರಸ್ತೆಯಲ್ಲಿ ಚೆನ್ನಾಗಿ ಓಡಿ, ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ನಿಂತರೆ ಐಡ್ಲಿಂಗ್ ಜೆಟ್ಟಿನಲ್ಲಿ ಕಸ ಇದೆ, ಇಲ್ಲವೆ ಎಲ್ಲಿಂದಲೋ ಕಳ್ಳಗಾಳಿ ಒಳಕ್ಕೆ ಹೋಗುತ್ತಿದೆ. ಇದಕ್ಕೆ ಕಾರಣವುಂಟು. ಥ್ರಾಟಲ್ ಮುಚ್ಚಿರುವಾಗ ಎಂಜಿನ್ನಿಗೆ ಪೆಟ್ರೋಲ್ ಸಿಗುವುದು ಸೂಜಿಮೊನೆಯಷ್ಟು ಸಣ್ಣದಾದ ಆ ಜೆಟ್ಟಿನ ಮೂಲಕ ಮಾತ್ರ. ಮ್ಯಾನಿಫೋಲ್ಡಿನ ಎಳೆತವೂ ಆಗಲೇ ಜೋರು. ಆದುದರಿಂದ ವೇಗದಲ್ಲಿ ಲೆಕ್ಕಕ್ಕೆ ಬಾರದ ಸಣ್ಣ ಬಿರುಕು ಐಡ್ಲಿಂಗಿನಲ್ಲಿ ಎಂಜಿನ್ನನ್ನೇ ಕೊಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ, ನಿಂತಲ್ಲಿ ಸರಿಯಾಗಿದ್ದು ಏರು ಹತ್ತುವಾಗ ಸೋತರೆ ಫಿಲ್ಟರ್, ಪೆಟ್ರೋಲ್ ಪಂಪಿನ ಡಯಾಫ್ರಂ, ಟ್ಯಾಂಕಿನ ಮುಚ್ಚಳ ಇವನ್ನು ನೋಡಬೇಕು. ಮುಚ್ಚಳ ತೆರೆದಾಗ ಗಾಳಿ ಒಳಕ್ಕೆ ಎಳೆದ ಸದ್ದಾದರೆ ಅದರ ಗಾಳಿರಂಧ್ರ ಮುಚ್ಚಿಕೊಂಡಿದೆ. ಇದಕ್ಕೆ ಖರ್ಚು ಒಂದು ತುಂಡು ತಂತಿ!

ಕಳೆದ ಬೇಸಿಗೆಯಲ್ಲಿ ಸದಸ್ಯರೊಬ್ಬರು ತಮ್ಮ ಪದ್ಮಿನಿಯಲ್ಲಿ ಯಾದಗಿರಿ ಜಿಲ್ಲೆಯ ಕಡೇಚೂರಿಗೆ ನೆಂಟರ ಮನೆಯ ಮದುವೆಗೆ ಹೋಗಿದ್ದರು. ಊರಿನ ತಂಪಿನಲ್ಲಿ ಸರಿಯಾಗಿದ್ದ ಕಾರು ಆ ಸೀಮೆ ಮುಟ್ಟಿದ ಮೇಲೆ ನಿಂತಲ್ಲೆಲ್ಲ ಬಂದ್ ಬೀಳತೊಡಗಿತು. ದಾರಿಯ ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿತು, ಇನ್ನೊಂದರಲ್ಲಿ ಕಾಯಿಲ್ ಬದಲಾಯಿತು. ಹೊಸ ಕಾರ್ಬ್ಯುರೇಟರೇ ಬೇಕೆಂಬ ಮಾತೂ ಬಂತು. ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಗೋಣಿಬಟ್ಟೆ ಹಾಕಿ ಹತ್ತು ನಿಮಿಷ ಕಾದು ಸ್ಟಾರ್ಟ್ ಮಾಡಿದರು, ಎಂಜಿನ್ ಎದ್ದಿತು. ಯಾದಗಿರಿಯ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಪೆಟ್ರೋಲಿನ ಹಗುರ ಭಾಗಗಳು ಹೆಚ್ಚುಕಡಿಮೆ ಅಷ್ಟೇ ಶಾಖಕ್ಕೆ ಆವಿಯಾಗತೊಡಗುತ್ತವೆ. ಎಂಜಿನ್ನಿನ ಮಗ್ಗುಲಲ್ಲೇ ಇರುವ ಪಂಪು ಆವಿಯನ್ನು ಎಳೆಯಲಾರದು. ಇದನ್ನೇ ವೇಪರ್ ಲಾಕ್ ಎನ್ನುವುದು. ಆದರೆ ಒಂದು ಎಚ್ಚರಿಕೆ: ಕಾಯಿಲ್ ಮತ್ತು ಕಂಡೆನ್ಸರ್ ಕೂಡ ಬಿಸಿಯಾದಾಗ ಕೈಕೊಟ್ಟು ತಣಿದ ಮೇಲೆ ಸರಿಹೋಗುವುದುಂಟು. ಆದ್ದರಿಂದ ಬಂದ್ ಬಿದ್ದ ಕೂಡಲೇ ಪರೀಕ್ಷೆ ಮಾಡಬೇಕು. ಏರ್ ಫಿಲ್ಟರ್ ತೆಗೆದು ಥ್ರಾಟಲ್ ಎಳೆದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಚಿಮ್ಮುತ್ತದೆಯೆ? ಚಿಮ್ಮಿದರೆ ಕಿಡಿಯತ್ತ ನೋಡಿ, ಚಿಮ್ಮದಿದ್ದರೆ ಪೆಟ್ರೋಲಿನತ್ತ.

ಆ ಕಾರಿಗೆ ಇನ್ನೊಂದು ತೊಂದರೆಯೂ ಇತ್ತು. ಬೆಳಗಿನ ತಂಪಿನಲ್ಲೂ ಐಡ್ಲಿಂಗ್ ನಿಲ್ಲುತ್ತಿರಲಿಲ್ಲ. ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟಿನ ಸುತ್ತ ಸಾಬೂನು ನೀರು ಸವರಿದಾಗ ಎಂಜಿನ್ನಿನ ಸದ್ದು ಬದಲಾಯಿತು. ಅಲ್ಲಿ ಗಾಳಿ ಎಳೆಯುತ್ತಿತ್ತು. ಊರಿನಲ್ಲಿ ಇದು ತಿಳಿಯದಿದ್ದುದಕ್ಕೂ ಕಾರಣವಿದೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದ ನಮ್ಮ ತೋಟಗಳಲ್ಲಿ ಗಾಳಿ ಸುಮಾರು ಶೇ. 10 ರಷ್ಟು ತೆಳು. ಆದ್ದರಿಂದ ಅಲ್ಲಿ ಮಿಶ್ರಣ ತಾನಾಗಿಯೇ ಪೆಟ್ರೋಲಿನ ಕಡೆಗೆ ವಾಲುತ್ತದೆ. 400 ಮೀಟರಿನ ಬಯಲಿಗಿಳಿದರೆ ಗಾಳಿಯ ಕಡೆಗೆ ವಾಲುತ್ತದೆ. ಬಿರುಕಿನ ಗಾಳಿಯೂ ಸೇರಿದರೆ ಎಂಜಿನ್ ನಿಲ್ಲದೆ ಏನು ಮಾಡೀತು? ಈ ಪರೀಕ್ಷೆಗೆ ಕೆಲವರು ಪೆಟ್ರೋಲನ್ನೇ ಚಿಮುಕಿಸುತ್ತಾರೆ. ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿಗೆ ಆಹ್ವಾನ, ಖಂಡಿತ ಕೂಡದು.

ಕಿಡಿಯ ವಿಷಯ ಬಹುಮಂದಿಗೆ ಗೊತ್ತಿರುವುದೇ. ಪಾಯಿಂಟಿನ ಅಂತರ ಸಾಮಾನ್ಯವಾಗಿ 0.4 ಮಿ.ಮೀ. ಆಸುಪಾಸು, ನಿಮ್ಮ ಕಾರಿನ ಕೈಪಿಡಿ ಹೇಳಿದ್ದೇ ಅಂತಿಮ. ಪ್ಲಗ್ಗಿನ ಮೂತಿ ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಬೂದಿಯಂತೆ ಬಿಳುಪಾಗಿದ್ದರೆ ಕಡಿಮೆ, ತಿಳಿಗಂದು ಇದ್ದರೆ ಸರಿ.

ಈಗಿನ ಪೆಟ್ರೋಲಿನ ಬಗ್ಗೆಯೂ ಹೇಳಬೇಕು. ಶೇ. 20 ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023 ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಹಳೆಯ ಕಾರುಗಳು ಇದಕ್ಕಾಗಿ ತಯಾರಾದವಲ್ಲ. ಒಂದು ಪಾಲು ಪೆಟ್ರೋಲ್ ಉರಿಯಲು ತೂಕದಲ್ಲಿ ಹೆಚ್ಚುಕಡಿಮೆ 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಪಾಲು ಸಾಕು. ಹೀಗಾಗಿ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಎಥೆನಾಲ್ ನೀರನ್ನೂ ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಮಳೆಗಾಲವೆಲ್ಲ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಇದು ಒಳ್ಳೆಯದಲ್ಲ. ಪೆಟ್ರೋಲ್ ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಎಥೆನಾಲಿಗೆ ತಡೆಯುವ ರಬ್ಬರಿನವಕ್ಕೆ ಬದಲಿಸಿಕೊಳ್ಳುವುದು ಮೇಲು.

ಇಷ್ಟೆಲ್ಲ ಸರಿಯಿದ್ದೂ ಐಡ್ಲಿಂಗ್ ಕೂಡದಿದ್ದರೆ ಆಗ ಸ್ಕ್ರೂ ಮುಟ್ಟಿ. ಮೊದಲು ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ ಎಷ್ಟು ಸುತ್ತು ಹೋಯಿತೆಂದು ಬರೆದಿಟ್ಟುಕೊಳ್ಳಿ, ಮತ್ತೆ ಅಷ್ಟಕ್ಕೇ ತನ್ನಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ತಿರುಗಿಸದೆ ಹೊಂದಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು, ಬಯಲಿನಲ್ಲೇ ಈ ಕೆಲಸ ಮಾಡತಕ್ಕದ್ದು. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣಾಪಾಯಕಾರಿ. ಇಂಜೆಕ್ಷನ್ ಇರುವ ಈಚಿನ ಮಾರುತಿಗಳಲ್ಲಿ ಈ ಸ್ಕ್ರೂ ಇಲ್ಲ. ಅವುಗಳಲ್ಲಿ ಥ್ರಾಟಲ್ಲಿನ ಮಸಿಯನ್ನೂ ಐಡ್ಲಿಂಗ್ ವಾಲ್ವನ್ನೂ ಶುಚಿ ಮಾಡಿಸಬೇಕು.

ದುರಸ್ತಿ ಆಗುವವರೆಗೆ ಆ ಕಾರನ್ನು ಘಾಟಿಗೆ ಇಳಿಸಬೇಡಿ. ಬ್ರೇಕ್ ಬೂಸ್ಟರ್ ಇರುವ ಕಾರಿನ ಎಂಜಿನ್ ಇಳಿಜಾರಿನಲ್ಲಿ ನಿಂತರೆ, ಒಂದೆರಡು ಸಲ ಒತ್ತಿದ ಮೇಲೆ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ.