ಕಸದಿಂದ ರಸ: ಒತ್ತಡದ ಬಿಸಿನೀರಿನ ಕಾರ್ಯ

ನವಲಗುಂದ, ಕುಂದಗೋಳ, ಅಣ್ಣಿಗೇರಿ ಭಾಗದ ಎರೆಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ಬಗೆಬಗೆಯ ಶೇಷಗಳು ಉಳಿಯುತ್ತವೆ. ಕಡಲೆಯ ಹೊಟ್ಟು ದನಗಳಿಗೆ ಮೇವಾಗುತ್ತದೆ. ಹತ್ತಿಕಟ್ಟಿಗೆ ಒಲೆಯನ್ನು ಸೇರುತ್ತದೆ, ಇಲ್ಲವೆ ಹೊಲದಲ್ಲಿಯೇ ಬೂದಿಯಾಗುತ್ತದೆ. ಉಳ್ಳಾಗಡ್ಡಿಯ ಒಣಸಿಪ್ಪೆಯಾದರೋ ಗಾಳಿಗೆ ಹಾರಿಹೋಗುತ್ತದೆ. ಇಂತಹ ಶೇಷಗಳಲ್ಲಿ ಅಡಗಿರುವ ಉಪಯುಕ್ತ ದ್ರವ್ಯಗಳನ್ನು ಕೇವಲ ನೀರಿನಿಂದಲೇ ಹೊರತೆಗೆಯುವ ವಿಧಾನವೊಂದುಂಟು. ಅದರ ತತ್ತ್ವವನ್ನೂ ಮಿತಿಯನ್ನೂ ಇಲ್ಲಿ ವಿವೇಚಿಸೋಣ.

ನೀರು ಉಪ್ಪು, ಸಕ್ಕರೆಗಳನ್ನು ಕರಗಿಸುತ್ತದೆ, ಎಣ್ಣೆಯನ್ನು ಕರಗಿಸದು. ತೆರೆದ ಪಾತ್ರೆಯಲ್ಲಿ ಅದು ಸುಮಾರು ೧೦೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುತ್ತದೆ. ಪಾತ್ರೆಯನ್ನು ಭದ್ರವಾಗಿ ಮುಚ್ಚಿದರೆ ಆವಿಯ ಒತ್ತಡ ಏರಿ, ಕುದಿಬಿಂದುವೂ ಏರುತ್ತದೆ. ನಮ್ಮ ಅಡುಗೆಮನೆಯ ಕುಕ್ಕರಿನಲ್ಲಿ ನೀರು ಸುಮಾರು ೧೨೦ ಡಿಗ್ರಿಯನ್ನು ಮುಟ್ಟುವುದು ಈ ಕಾರಣದಿಂದಲೇ. ೧೬೭೯ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಇಂತಹದೇ ಪಾತ್ರೆಯನ್ನು ರಚಿಸಿ ಗಟ್ಟಿ ಎಲುಬುಗಳನ್ನೂ ಮೆದುವಾಗಿಸಿ ತೋರಿಸಿದನು.

೨೦೦ ಡಿಗ್ರಿಯಲ್ಲಿ ನೀರನ್ನು ದ್ರವರೂಪದಲ್ಲಿಯೇ ಹಿಡಿದಿಡಲು ವಾಯುಮಂಡಲದ ಒತ್ತಡದ ಸುಮಾರು ೧೬ ಪಟ್ಟು ಒತ್ತಡ ಬೇಕು. ಆಗ ನೀರಿನ ಗುಣವೇ ಮಾರ್ಪಡುತ್ತದೆ. ಅದರ ಅಣುಗಳ ಪರಸ್ಪರ ಬಂಧನ ಸಡಿಲಗೊಂಡು, ಸಾಮಾನ್ಯ ಉಷ್ಣತೆಯಲ್ಲಿ ೮೦ರಷ್ಟಿರುವ ವಿದ್ಯುತ್ ಸ್ಥಿರಾಂಕವು ೨೫೦ ಡಿಗ್ರಿಯಲ್ಲಿ ಸುಮಾರು ೨೭ಕ್ಕೆ ಇಳಿಯುತ್ತದೆ. ಇದು ಮದ್ಯಸಾರದ ಅಂಕಕ್ಕೆ ಸಮೀಪವಾದುದು. ಎಂದರೆ, ತಣ್ಣೀರು ಕರಗಿಸದಿದ್ದ ಹಲವು ದ್ರವ್ಯಗಳನ್ನು ಈ ನೀರು ಮದ್ಯಸಾರದಂತೆ ಕರಗಿಸಬಲ್ಲದು.

ಉಳ್ಳಾಗಡ್ಡಿಯ ಸಿಪ್ಪೆಯನ್ನೇ ಉದಾಹರಣೆಯಾಗಿ ನೋಡಬಹುದು. ಅದರಲ್ಲಿ ಕ್ವೆರ್ಸೆಟಿನ್ ಎಂಬ ಹಳದಿ ದ್ರವ್ಯವಿದೆ. ಸಿಪ್ಪೆಯಿಂದ ಬಟ್ಟೆಗೆ ಬಣ್ಣ ಕಟ್ಟುವ ರೂಢಿಗೆ ಇದೂ ಆಧಾರ. ೨೦೧೧ರಲ್ಲಿ ಕೊರಿಯಾದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ೧೬೫ ಡಿಗ್ರಿಯ ನೀರಿನಲ್ಲಿ ೧೫ ನಿಮಿಷ ಇಟ್ಟಾಗ ಒಂದು ಗ್ರಾಂ ಸಿಪ್ಪೆಯಿಂದ ಸುಮಾರು ೧೬ ಮಿಲಿಗ್ರಾಂ ಕ್ವೆರ್ಸೆಟಿನ್ ದೊರೆಯಿತು. ಇದು ಕುದಿಯುವ ನೀರಿನಿಂದ ಬಂದುದರ ನಾಲ್ಕು ಪಟ್ಟಿಗಿಂತಲೂ ಅಧಿಕ. ಹಾಗೆಂದು ಕಾವನ್ನು ಏರಿಸುತ್ತಲೇ ಹೋಗಲಾಗದು. ಹದ ಮೀರಿದರೆ ಬೇಕಾದ ದ್ರವ್ಯವೇ ಕೆಡುತ್ತದೆ.

ಹತ್ತಿಕಟ್ಟಿಗೆಯಲ್ಲಿಯೂ ಇದೇ ನಿಯಮ. ೧೫೦ರಿಂದ ೨೦೦ ಡಿಗ್ರಿಯ ನೀರು ಅದರ ಹೆಮಿಸೆಲ್ಯುಲೋಸನ್ನು ಒಡೆದು ಕ್ಸೈಲೋಸ್ ಮೊದಲಾದ ಸಕ್ಕರೆಗಳನ್ನು ಬಿಡಿಸುತ್ತದೆ. ಹೆಚ್ಚು ಹೊತ್ತು ಕಾಯಿಸಿದರೆ ಆ ಸಕ್ಕರೆಯೇ ಫರ್‌ಫ್ಯೂರಲ್ ಆಗುತ್ತದೆ. ಮೆಣಸಿನಕಾಯಿಯ ಕೆಂಬಣ್ಣವಾದರೋ ಎಣ್ಣೆಯಲ್ಲಿ ಕರಗುವಂತಹದು. ಅದಕ್ಕೆ ಬೇರೆ ದ್ರಾವಕಗಳೇ ಹೆಚ್ಚು ಯೋಗ್ಯ.

ಈ ವಿಧಾನದ ದೊಡ್ಡ ಲಾಭವೆಂದರೆ, ಉಳಿದ ಚರಟದಲ್ಲಿ ವಿಷಕಾರಿ ದ್ರಾವಕದ ಅಂಶವಿರುವುದಿಲ್ಲ. ಅದನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಆದರೆ ಬಲವಾದ ಉಕ್ಕಿನ ಪಾತ್ರೆ, ಕಾಯಿಸಲು ಇಂಧನ, ತೆಳುವಾದ ರಸವನ್ನು ಒಣಗಿಸುವ ಖರ್ಚು ಇವು ಒಬ್ಬ ರೈತನಿಗೆ ಹೊರಲಾರದ ಭಾರ. ಆದುದರಿಂದ, ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯಂತೆ ಸಿಪ್ಪೆ ಒಂದೆಡೆ ರಾಶಿಬೀಳುವ ಸ್ಥಳದಲ್ಲಿ, ಸಹಕಾರಿ ತತ್ತ್ವದ ಮೇಲೆ ಇಂತಹ ಕಾರ್ಯ ನಡೆಯುವುದು ಉಚಿತ. ಇದು ಮನೆಯ ಕುಕ್ಕರಿನಲ್ಲಿ ಮಾಡಿ ನೋಡುವ ಪ್ರಯೋಗವಲ್ಲವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಒತ್ತಡ ಮಿತಿಮೀರಿದರೆ ಪ್ರಾಣಾಪಾಯವುಂಟು.

ಇನ್ನೊಂದು ವಿಚಾರವನ್ನು ಹೇಳಲೇಬೇಕು. ಹೊಲದಲ್ಲಿ ಉಳಿದುದೆಲ್ಲ ಕಸವಲ್ಲ. ಎತ್ತಿನ ಬಾಯಿಯ ಹೊಟ್ಟನ್ನು ಕಸಿದು ರಸ ತೆಗೆದರೆ ಒಕ್ಕಲುತನಕ್ಕೆ ನಷ್ಟ. ಮಣ್ಣಿಗೆ ಮರಳಬೇಕಾದುದನ್ನೆಲ್ಲ ಹೊತ್ತೊಯ್ದರೆ ಎರೆಭೂಮಿಯ ಸತ್ತ್ವ ಕುಗ್ಗುತ್ತದೆ. ಮೊದಲು ದನಗಳ ಪಾಲು, ಅನಂತರ ಭೂಮಿಯ ಪಾಲು. ಇವೆರಡೂ ಸಂದ ಮೇಲೆ ಸುಟ್ಟುಹೋಗುವ, ಹಾರಿಹೋಗುವ ಭಾಗವಷ್ಟೇ ಈ ಪಾತ್ರೆಗೆ ಸಲ್ಲತಕ್ಕದ್ದು. ನಾಳೆ ಕೃಷಿವಿಜ್ಞಾನವನ್ನು ಅಭ್ಯಸಿಸಲು ಹೊರಡುವ ನಮ್ಮ ವಿದ್ಯಾರ್ಥಿಗಳು ನೀರಿನ ಹದದೊಡನೆ ಈ ಹಂಚಿಕೆಯ ಹದವನ್ನೂ ಕಲಿತರೆ, ಊರಿಗೆ ನಿಜವಾದ ಉಪಕಾರವಾದೀತು.